‘ವೇರ್ಡನ್’ ಕಂಡರೆ ವಾಕ್ಯದ ತುದಿ ನೋಡಿ

ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಗಳಲ್ಲಿ ಹಳೆಯ ಡ್ರಾಯಿಂಗ್ ಬಿಚ್ಚಿದರೆ ಮೂಲೆಯಲ್ಲಿ ‘ಜಿಜಿ 25’ ಎಂದು ಬರೆದದ್ದು ಕಂಡೀತು. ಆ ‘ಜಿಜಿ’ ಜರ್ಮನ್ನಿನ ‘ಗ್ರೌಗುಸ್’, ಅಂದರೆ ಬೂದು ಬೀಡುಕಬ್ಬಿಣ. 25 ಎಂಬುದು ಅದು ತಾಳುವ ಎಳೆತ: ಚದರ ಮಿಲಿಮೀಟರಿಗೆ 25 ಕಿಲೋ. ಹೀಗೆ ಗೊತ್ತಿಲ್ಲದೆಯೇ ದಿನವೂ ಜರ್ಮನ್ ಆಡುವವರ ನಡುವೆ, ಪಾಳಿ ಮುಗಿಸಿ ಬಂದು ಆ ಭಾಷೆಯನ್ನೇ ಕಲಿಯಲು ಕೂತವರಿಗೆ ಈ ಬರಹ.

ಎ1 ಹಂತ ದಾಟಿದ ಮೇಲೆ ಕಾಲಿಗೆ ತೊಡರುವ ಕ್ರಿಯಾಪದ ‘ವೇರ್ಡನ್’. ಇಂಗ್ಲಿಷಿನ ಮೂಲಕ ಹೋದರೆ ಅದಕ್ಕೆ ಮೂರು ಅರ್ಥ, ಮೂರು ಬೇರೆ ಬೇರೆ ಪಾಠ. ಕನ್ನಡದ ‘ಆಗು’ ಕೈಯಲ್ಲಿ ಹಿಡಿದು ಹೋಗಿ, ಅರ್ಧ ದಾರಿ ಸವೆದೇ ಹೋಗುತ್ತದೆ.

ಮೊದಲು ರೂಪಗಳನ್ನು ಬಾಯಿಪಾಠ ಮಾಡಿ: ಇಶ್ ವೇರ್ಡೆ (ನಾನು), ಡೂ ವಿರ್ಸ್ಟ್ (ನೀನು), ಎರ್ ವಿರ್ಟ್ (ಅವನು), ವೀರ್ ವೇರ್ಡನ್ (ನಾವು). ಬರೆಯುವಾಗ ‘ವಿರ್ಟ್’ನ ಕೊನೆಯಲ್ಲಿ ‘ಡಿ’ ಇದ್ದರೂ ಬಾಯಲ್ಲಿ ‘ಟ್’ ಎಂದೇ ಬರಬೇಕು.

ಎರಡನೆಯದೇ ಮುಖ್ಯ. ‘ವಿರ್ಟ್’ ಕಂಡ ಕೂಡಲೇ ಅರ್ಥ ಹೇಳಹೋಗಬೇಡಿ, ಕಣ್ಣನ್ನು ವಾಕ್ಯದ ತುದಿಗೆ ಒಯ್ಯಿರಿ. ಕ್ರಿಯಾಪದಕ್ಕಾಗಿ ಕೊನೆಯವರೆಗೆ ಕಾಯುವುದನ್ನು ಕನ್ನಡಿಗರು ತೊಟ್ಟಿಲಲ್ಲೇ ಕಲಿತಿರುತ್ತೇವೆ. ಇಲ್ಲಿ ಆ ಅಭ್ಯಾಸವೇ ಬಂಡವಾಳ.

ತುದಿಯಲ್ಲಿ ಗುಣವೋ ಹೆಸರೋ ಇದ್ದರೆ ಅದು ನಮ್ಮ ನೇರ ‘ಆಗು’. ‘ದಾಸ್ ಐಝನ್ ವಿರ್ಟ್ ಹೈಸ್’: ಕಬ್ಬಿಣ ಬಿಸಿ ಆಗುತ್ತದೆ. ‘ಇಶ್ ವೇರ್ಡೆ ಶ್ವೈಸರ್’: ನಾನು ವೆಲ್ಡರ್ ಆಗುತ್ತೇನೆ.

ತುದಿಯಲ್ಲಿ ‘ಗೆ’ ಇಂದ ಶುರುವಾಗುವ ಭೂತರೂಪ ಕಂಡರೆ ಅದು ‘ಲಾಗು’. ‘ದಾಸ್ ಐಝನ್ ವಿರ್ಟ್ ಗೆಗೊಸ್ಸನ್’: ಕಬ್ಬಿಣವನ್ನು ಎರಕ ಹೊಯ್ಯಲಾಗುತ್ತದೆ. ಮಾಡುವವನ ಹೆಸರಿಲ್ಲದ ಇಂಥ ವಾಕ್ಯಗಳು ಯಂತ್ರದ ಕೈಪಿಡಿಗಳಲ್ಲಿ ಬಹಳ. ಇಲ್ಲಿ ಸ್ವಲ್ಪ ನಿಂತು ನೋಡಿ. ‘ದಾಸ್ ವೆಂಟೀಲ್ ವಿರ್ಟ್ ಗೆಶ್ಲೊಸ್ಸನ್’ ಎಂದರೆ ವಾಲ್ವ್ ಮುಚ್ಚಲಾಗುತ್ತಿದೆ, ಕೆಲಸ ಇನ್ನೂ ನಡೆದಿದೆ. ‘ಇಸ್ಟ್ ಗೆಶ್ಲೊಸ್ಸನ್’ ಎಂದರೆ ಮುಚ್ಚಿದೆ, ಕೆಲಸ ಮುಗಿದಿದೆ. ಹೈಡ್ರಾಲಿಕ್ ಪ್ರೆಸ್ಸಿನ ಮುಂದೆ ನಿಂತವನಿಗೆ ಇದು ಬರೀ ವ್ಯಾಕರಣವಲ್ಲ, ಬೆರಳಿನ ಪ್ರಶ್ನೆ.

ತುದಿಯಲ್ಲಿ ಕ್ರಿಯೆಯ ಮೂಲರೂಪವೇ ಇದ್ದರೆ ಅದು ಭವಿಷ್ಯ ಇಲ್ಲವೇ ಊಹೆ. ‘ಎರ್ ವಿರ್ಟ್ ವೋಲ್ ಶ್ಲಾಫನ್’: ಅಂವಾ ಮಲಕೊಂಡಿರಬೇಕು. ನಾಳೆಯ ಮಾತಿಗೆಲ್ಲ ಇದನ್ನು ಹಚ್ಚಬೇಕಿಲ್ಲ. ನಾವು ‘ನಾಳಿ ಬರ್ತೇನ್ರಿ’ ಅನ್ನುವ ಹಾಗೆಯೇ ಜರ್ಮನರೂ ವರ್ತಮಾನರೂಪದಲ್ಲೇ ‘ಇಶ್ ಕೊಮ್ಮೆ ಮೊರ್ಗನ್’ ಅನ್ನುತ್ತಾರೆ.

ಇನ್ನು ‘ಆಗು’ ಕೈಕೊಡುವ ಜಾಗ. ‘ನನ್ನ ಕಡಿಂದ ಆಗೂದಿಲ್ಲ’ ಎಂಬುದಕ್ಕೆ ‘ವೇರ್ಡನ್’ ಸಲ್ಲ, ಅಲ್ಲಿ ‘ಕ್ಯೋನ್ನನ್’ ಬೇಕು. ‘ಊಟ ಆತೇನ್ರಿ?’ ಎಂಬುದಕ್ಕೂ ‘ವೇರ್ಡನ್’ ಬರುವುದಿಲ್ಲ. ನಮ್ಮ ‘ಆಗು’ ಎಷ್ಟು ದೂರ ಚಾಚಿದೆ ಎಂದು ನೋಡಬೇಕಾದರೆ ಜರ್ಮನಿಯಿಂದಲೇ ಬಂದು ಕನ್ನಡ ಕಲಿತ ಕಿಟ್ಟೆಲ್ ಅವರ 1894ರ ನಿಘಂಟನ್ನು ತೆರೆಯಿರಿ.

ಇಂಗ್ಲಿಷ್ ಬಲ್ಲವರು ಬೀಳುವ ಹಳ್ಳ ಬೇರೆ. ಇಂಗ್ಲಿಷಿನ ‘ಬಿಕಮ್’ ಹಾಗೆ ಕೇಳುವ ‘ಬೆಕೊಮ್ಮನ್’ಗೆ ‘ಆಗು’ ಎಂಬ ಅರ್ಥವಿಲ್ಲ. ‘ಸಿಗು’ ಎಂಬುದೇ ಅದರ ಅರ್ಥ. ‘ಇಶ್ ಬೆಕೊಮ್ಮೆ ಲೋನ್’ ಎಂದರೆ ನನಗೆ ಪಗಾರ ಸಿಗುತ್ತದೆ, ಆ ‘ಲೋನ್’ ಸಾಲವಲ್ಲ. ಕನ್ನಡದ ‘ನನಗೆ’ ಅಲ್ಲಿ ‘ನಾನು’ ಆಗಿರುವುದನ್ನೂ ಗಮನಿಸಿ. ಸಂದರ್ಶನದಲ್ಲಿ ‘ವೆಲ್ಡರ್ ಆಗುತ್ತೇನೆ’ ಅನ್ನಹೋಗಿ ‘ಬೆಕೊಮ್ಮೆ’ ಅಂದರೆ ‘ನನಗೊಬ್ಬ ವೆಲ್ಡರ್ ಸಿಗುತ್ತಾನೆ’ ಎಂದಾಗುತ್ತದೆ.

ಜರ್ಮನ್ನಿನ ಬಂಧುಬಳಗದಲ್ಲಿ ಡಚ್ಚರು ‘ವೊರ್ಡನ್’ ಎಂದು ‘ಆಗು’, ‘ಲಾಗು’ ಎರಡನ್ನೂ ಉಳಿಸಿಕೊಂಡಿದ್ದಾರೆ, ಭವಿಷ್ಯಕ್ಕೆ ಅದನ್ನು ಬಳಸುವುದಿಲ್ಲ. ಸ್ವೀಡನ್, ನಾರ್ವೆ, ಡೆನ್ಮಾರ್ಕಿನವರು ಉತ್ತರ ಜರ್ಮನಿಯ ವ್ಯಾಪಾರಿಗಳ ಭಾಷೆಯಿಂದ ಎರವಲು ಪಡೆದ ‘ಬ್ಲಿ’ಯಂಥ ರೂಪಗಳನ್ನು ಆಡುತ್ತಾರೆ. ಇಂಗ್ಲಿಷ್ ತನ್ನ ಹಳೆಯ ‘ವೆಯೋರ್ಥನ್’ ಅನ್ನು ಕಳೆದುಕೊಂಡೇಬಿಟ್ಟಿತು. ನನಗೆ ಅತಿ ಪ್ರಿಯವಾದ ನಂಟು ಇನ್ನೂ ಹಳೆಯದು: ‘ವೇರ್ಡನ್’ಗೂ ಸಂಸ್ಕೃತದ ‘ವೃತ್’ಗೂ ಬೇರು ಒಂದೇ, ಅರ್ಥ ‘ತಿರುಗು’. ವೃತ್ತ, ಪರಿವರ್ತನೆ ಎಲ್ಲ ಅದೇ ಕುಲ. ಚಕ್ಕಿಗೆ ಕಟ್ಟಿದ ಜಾಬ್ ತಿರುಗುತ್ತ ತಿರುಗುತ್ತ ಬುಶ್ ಆಗುವುದನ್ನು ಲೇತಿನ ಮುಂದೆ ನಿಂತವರು ದಿನವೂ ನೋಡುತ್ತಾರಲ್ಲ, ಆ ಪದ ನಡೆದು ಬಂದ ದಾರಿಯೂ ಅದೇ.

ಅಭ್ಯಾಸ ಹೀಗೆ ಮಾಡಿ. ಯಾವುದಾದರೂ ಜರ್ಮನ್ ಕೈಪಿಡಿಯ ಒಂದು ಪುಟ ತೆಗೆದುಕೊಳ್ಳಿ. ‘ವಿರ್ಟ್’, ‘ವೇರ್ಡನ್’ಗಳಿಗೆ ಪೆನ್ಸಿಲಿನಿಂದ ಸುತ್ತು ಹಾಕಿ, ಅಲ್ಲಿಂದ ವಾಕ್ಯದ ತುದಿಗೆ ಗೆರೆ ಎಳೆಯಿರಿ. ತುದಿ ನೋಡಿ ಅಂಚಿನಲ್ಲಿ ‘ಆಗು’, ‘ಲಾಗು’, ‘ಭವಿಷ್ಯ ಇಲ್ಲವೇ ಊಹೆ’ ಎಂದು ಕನ್ನಡದಲ್ಲೇ ಬರೆಯಿರಿ. ಕೊನೆಗೆ ‘ವೊರ್ಡನ್’ ಇದ್ದರೆ ‘ಲಾಗಿದೆ’, ‘ಗೆವೊರ್ಡನ್’ ಇದ್ದರೆ ‘ಆಗಿದೆ’: ಗೆಗೊಸ್ಸನ್ ವೊರ್ಡನ್, ಹೊಯ್ಯಲಾಗಿದೆ, ಹೈಸ್ ಗೆವೊರ್ಡನ್, ಬಿಸಿ ಆಗಿದೆ.