ಇಂಗ್ಲಿಷ್ ಪ್ರಬಂಧಕ್ಕೆ ಗಂಗೊಳ್ಳಿಯ ಒಂದು ಪ್ರಶ್ನೆ

"ಅಣ್ಣಾ, ನಾಳಿಗೆ ಇಂಗ್ಲಿಷ್ ಪ್ರೆಸೆಂಟೇಷನ್ ಇತ್, ಒಂದ್ ಪಿಪಿಟಿ ಮಾಡಿ ಕೊಡ್."

ಕುಂದಾಪುರ, ಬೈಂದೂರು, ಬ್ರಹ್ಮಾವರ ಕಡೆಯಿಂದ ಬಂದು ಹಾಸ್ಟೆಲಿನಲ್ಲಿರುವ ನಮಗೆ ಊರಿನ ತಮ್ಮ-ತಂಗಿಯರಿಂದ ಇಂಥ ಫೋನ್ ಬರುತ್ತಲೇ ಇರುತ್ತದೆ. ನಾವೂ ಮಾಡಿ ಕೊಡ್ತೇವೆ: ಕವಿಯ ಫೋಟೊ, ಹುಟ್ಟಿದ ಇಸವಿ, ಬರೆದ ಪುಸ್ತಕಗಳು, ಕೊನೆಗೆ ಹೂವಿನ ಚಿತ್ರದ ಮೇಲೆ ಥ್ಯಾಂಕ್ ಯೂ. ನಾವು ಹೈಸ್ಕೂಲು ದಾಟಿದ್ದೂ ಹೀಗೆಯೇ. ಆಮೇಲೆ ಮೊದಲ ವರ್ಷದ ಸೆಮಿನಾರಿನಲ್ಲಿ "ಇದರಲ್ಲಿ ನೀವು ಹೇಳೋದೇನು?" ಎಂದು ಕೇಳಿದಾಗ ಬಾಯಿ ಕಟ್ಟಿತು. ಕನ್ನಡ ಮಾಧ್ಯಮದವರು, ಇಂಗ್ಲಿಷ್ ಬರುವುದಿಲ್ಲ, ಅದಕ್ಕೇ ಹೀಗೆ ಅಂದುಕೊಂಡೆವು. ನಿಜವಾಗಿ, ಕನ್ನಡದಲ್ಲಿ ಕೇಳಿದ್ದರೂ ಹೇಳಲಿಕ್ಕೆ ನಮ್ಮದೆಂಬ ಮಾತು ಇರಲಿಲ್ಲ. ಹಾಗಾಗಿ ಈ ಸಲ ಪಿಪಿಟಿ ಬದಲು ಈ ಪಾಠ.

ನಾವು ಹತ್ತನೇ ತರಗತಿಯಲ್ಲಿ ಓದಿದ 'ಬ್ಯಾಲಡ್ ಆಫ್ ದ ಟೆಂಪೆಸ್ಟ್' ಪದ್ಯವನ್ನೇ ತೆಗೆದುಕೊಳ್ಳುವ. ಬರೆದವರು ಅಮೆರಿಕದ ಜೇಮ್ಸ್ ಟಿ. ಫೀಲ್ಡ್ಸ್ (1817–1881), ಬಾಸ್ಟನ್ನಿನ ಪ್ರಕಾಶಕರು. ಚಳಿಗಾಲದ ರಾತ್ರಿ, ಬಿರುಗಾಳಿ. ಹಾಯಿ ಕಟ್ಟುವ ಕಂಬವನ್ನೇ ಕಡಿಯಲು ಆಜ್ಞೆಯಾಗುತ್ತದೆ. ಎಲ್ಲ ಮುಗಿಯಿತು ಎಂದು ಕ್ಯಾಪ್ಟನ್ ಕೂಗುತ್ತಾನೆ. ಅವನ ಪುಟ್ಟ ಮಗಳು, ನೆಲದ ಮೇಲಿರುವ ದೇವರು ನೀರಿನ ಮೇಲೂ ಇಲ್ಲವೇ ಎಂಬರ್ಥದ ಪ್ರಶ್ನೆ ಕೇಳುತ್ತಾಳೆ. ಎಲ್ಲರಿಗೂ ಧೈರ್ಯ ಬರುತ್ತದೆ, ಬೆಳಗಾಗುವಾಗ ಹಡಗು ಬಂದರಿನಲ್ಲಿ.

ಇಲ್ಲಿಗೆ ಸಾರಾಂಶ ಆಯಿತು. ಹೆಚ್ಚಿನವರು ಇದನ್ನೇ ಪ್ರಬಂಧ ಎಂದು ಬರೆದು, ಕೊನೆಗೆ 'ದೇವರಲ್ಲಿ ನಂಬಿಕೆ ಇರಬೇಕು' ಅಂತ ಸೇರಿಸಿ ಕೊಡುತ್ತಾರೆ. ಅಂಕವೂ ಬರುತ್ತದೆ, ಸುಳ್ಳು ಹೇಳಬಾರದು.

ಈಗ ಗಂಗೊಳ್ಳಿಯ ಮೀನುಗಾರರ ಮನೆಯ ಹುಡುಗಿಯೊಬ್ಬಳು ಇದನ್ನು ಓದುತ್ತಾಳೆ ಅಂದುಕೊಳ್ಳಿ. ಸೌಪರ್ಣಿಕಾ, ವಾರಾಹಿ ಸೇರಿ ಐದು ನದಿ ಕೂಡಿ ಕಡಲಿಗೆ ಬೀಳುವ ಜಾಗ ಅದು. ಅವಳಿಗೆ ಏಳುವ ಪ್ರಶ್ನೆಗಳೇ ಬೇರೆ. ಬಿರುಗಾಳಿ ಚಳಿಗಾಲದಲ್ಲಿ ಎಂತಕೆ? ನಮ್ಮಲ್ಲಿ ಕಡಲು ಏಳುವುದು ಮಳೆಗಾಲದಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಉತ್ತರ ಅಟ್ಲಾಂಟಿಕ್‌ನಲ್ಲಿ ಚಳಿಗಾಲವೇ ಬಿರುಗಾಳಿಯ ಕಾಲ. ಕಂಬ ಕಡಿದದ್ದು ಎಂತಕೆ? ಮೇಲಿನ ಭಾರ ಹೋದರೆ ಗುರುತ್ವ ಕೇಂದ್ರ ಕೆಳಗಿಳಿಯುತ್ತದೆ, ಗಾಳಿಗೆ ಸಿಗುವ ಮೈಯೂ ಕಡಿಮೆಯಾಗುತ್ತದೆ. (ಇದು ನಮ್ಮ ಎಂಜಿನಿಯರಿಂಗ್ ಚಟ. ಪ್ರಬಂಧಕ್ಕೆ ಒಂದು ಸಾಲು ಸಾಕು.) ಅಂದರೆ ಊರು ತಲುಪುವ ಆಸೆ ಬಿಟ್ಟು, ಮುಳುಗದಿದ್ದರೆ ಸಾಕು ಎಂಬಲ್ಲಿಗೆ ಅವರು ಬಂದಿದ್ದಾರೆ. ಕ್ಯಾಪ್ಟನ್ನನ ಕೂಗು ಹೇಡಿಯದ್ದಲ್ಲ, ಲೆಕ್ಕ ಗೊತ್ತಿದ್ದವನದ್ದು.

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಬಂದರಿನದು. ಕವಿ ಒಂದೇ ಉಸಿರಿಗೆ ಹಡಗನ್ನು ಬಂದರಿಗೆ ತಂದುಬಿಟ್ಟಿದ್ದಾರೆ. ನಮ್ಮ ಕಡೆ ಅಳಿವೆ ದಾಟದೆ ಬಂದರು ಸಿಗುವುದಿಲ್ಲ. ನದಿಯ ನೀರು, ಕಡಲ ಅಲೆ, ಮರಳ ದಿಬ್ಬ ಸೇರುವ ಅಲ್ಲೇ ದೋಣಿ ಮಗುಚುವ ಭಯ. ಈ ಹುಡುಗಿ ಬರೆಯಬಹುದು: 'ಈ ಪದ್ಯದಲ್ಲಿ ಬಿರುಗಾಳಿ ನಿಂತದ್ದು ಹೊರಗಲ್ಲ, ಕ್ಯಾಪ್ಟನ್ನನ ಒಳಗೆ, ಯಾಕೆಂದರೆ ಬಂದರು ಸೇರುವ ಕಷ್ಟದ ಬಗ್ಗೆ ಕವಿ ಒಂದು ಮಾತೂ ಆಡುವುದಿಲ್ಲ.' ಒಪ್ಪದವರು ವಾದಕ್ಕೆ ಬರಬಹುದು. ಅಂಥ ವಾಕ್ಯ ಸಿಕ್ಕರೆ ಅಲ್ಲಿಂದ ಪ್ರಬಂಧ ಶುರು. ನಮ್ಮ ಪರೀಕ್ಷೆ ಸುಲಭ: ನಿಮ್ಮ ಮೊದಲ ವಾಕ್ಯದಲ್ಲಿ 'ಬಿಕಾಸ್' ಕೂರುತ್ತದಾ? ಕೂರದಿದ್ದರೆ ಅದು ಬರೀ ಮಾಹಿತಿ. ಬಿಕಾಸ್ ಆದ ಮೇಲೆ ಬರುವುದಕ್ಕೆ ಪದ್ಯದಿಂದಲೇ ಆಧಾರ ಕೊಡಬೇಕು, ಯಾವ ಚರಣ, ಯಾವ ಪದ ಎಂದು ತೋರಿಸಿ.

ಇದನ್ನೆಲ್ಲ ಮೊದಲೇ ಇಂಗ್ಲಿಷಿನಲ್ಲಿ ಯೋಚಿಸಬೇಕು ಎಂದಿಲ್ಲ. ಕುಂದಾಪ್ರ ಕನ್ನಡದಲ್ಲಿ ಗೆಳೆಯನಿಗೆ ಹೇಳಿದ ಹಾಗೆ ಹೇಳಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಕೇಳಿ. ನಂತರ ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯದಲ್ಲಿ ಬರೆಯಿರಿ. ಬೈಂದೂರಿನ ಮೊಗೇರಿಯಲ್ಲಿ 1918ರಲ್ಲಿ ಹುಟ್ಟಿದ ಗೋಪಾಲಕೃಷ್ಣ ಅಡಿಗರು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಲೇ ಕನ್ನಡದಲ್ಲಿ ಕವಿತೆ ಬರೆದವರು. ಎರಡು ಭಾಷೆಗೆ ಜಗಳ ಹಚ್ಚಿದ್ದು ನಾವೇ ಇರಬೇಕು.

ಪ್ರೆಸೆಂಟೇಷನ್ನಿಗೆ ಹುಡುಕಾಟ ಸ್ವಲ್ಪ ಹೆಚ್ಚು ಬೇಕು. ವಿಷಯ ಆರಿಸಲು ಬಿಟ್ಟರೆ, ಕುಂದಾಪುರದಲ್ಲಿ 1945ರಲ್ಲಿ ಹುಟ್ಟಿದ ವೈದೇಹಿಯವರ 'ಗುಲಾಬಿ ಟಾಕೀಸ್' ತಗೊಳ್ಳಿ. ಕಥೆ ಇಂಗ್ಲಿಷಿಗೂ ಬಂದಿದೆ. ಗಿರೀಶ ಕಾಸರವಳ್ಳಿಯವರ 2008ರ ಸಿನಿಮಾ ನೋಡಿ. ಕಥೆಯಲ್ಲಿ ಊರಿಗೆ ಬರುವುದು ಟಾಕೀಸು, ಸಿನಿಮಾದಲ್ಲಿ ಸೂಲಗಿತ್ತಿಯ ಮನೆಗೆ ಬರುವುದು ಟಿ.ವಿ. ಈ ಬದಲಾವಣೆಯಿಂದ ಊರಿನ ಹೆಂಗಸರಿಗೆ ಏನಾಯಿತು? ಇಷ್ಟೇ ಪ್ರಶ್ನೆ ಸಾಕು. ಕಥೆ ಓದಿ, ಸಿನಿಮಾ ನೋಡಿ. ನಂತರ ಅಮ್ಮಮ್ಮನ ಹತ್ತಿರ ಮೊದಲು ಟಾಕೀಸಿಗೆ ಹೋದದ್ದು ಯಾರ ಜೊತೆ, ಮನೆಯಲ್ಲಿ ಬಿಟ್ಟರಾ ಅಂತ ಕೇಳಿ, ಕೇಳಿದ ದಿನಾಂಕ ಸಮೇತ ಬರೆದಿಡಿ. ಅದೂ ಆಕರವೇ. ವಿಕಿಪೀಡಿಯಾದಲ್ಲಾಗಲಿ ಚಾಟ್‌ಜಿಪಿಟಿಯಲ್ಲಾಗಲಿ ನಿಮ್ಮ ಅಮ್ಮಮ್ಮ ಇಲ್ಲ.

ಸ್ಲೈಡು ನಾಲ್ಕೈದು ಸಾಕು. ಐದು ನಿಮಿಷಕ್ಕೆ ಸುಮಾರು 500 ಪದ ಆಡಬಹುದು; ನಿಂತುಕೊಂಡು, ಗಡಿಯಾರ ಇಟ್ಟು, ಎರಡು ಸಲ ಹೇಳಿ ನೋಡಿ. ಸ್ಲೈಡಿನಲ್ಲಿದ್ದದ್ದನ್ನೇ ಓದಬೇಡಿ, ಹಿಂದಿನ ಬೆಂಚಿನವರಿಗೂ ಓದಲಿಕ್ಕೆ ಬರ್ತದೆ. ಪ್ರಶ್ನೆ ಕೇಳಿದಾಗ ಉತ್ತರ ಗೊತ್ತಿಲ್ಲದಿದ್ದರೆ, ಇದನ್ನು ಇನ್ನೂ ನೋಡಿಲ್ಲ, ನೋಡಿ ಹೇಳ್ತೇನೆ ಎಂಬ ಒಂದು ವಾಕ್ಯವನ್ನು ಇಂಗ್ಲಿಷಿನಲ್ಲಿ ಮೊದಲೇ ಬಾಯಿಪಾಠ ಮಾಡಿಕೊಂಡಿರಿ. ಸೆಮಿನಾರಿನ ದಿನ ನಮ್ಮ ಹತ್ತಿರ ಅದೂ ಇರಲಿಲ್ಲ.