ನಡೆಯಲಾರಂಭಿಸಿದ ಕೂಸು

ಕೂಸು ತೊಟ್ಟಿಲಲ್ಲಿರುವ ತನಕ ಮನೆಯವರು ಅದರ ಅಳುವಿಗೆ ಎದ್ದರೆ ಸಾಕು. ಅದು ಎದ್ದು ನಡೆಯಲಾರಂಭಿಸಿದ ದಿನದಿಂದ ಮನೆಯ ಕ್ರಮವೇ ಬೇರೆಯಾಗುತ್ತದೆ. ಬೆಳಿಗ್ಗೆ ಒಲೆಯ ಮುಂದೆ, ಮಧ್ಯಾಹ್ನ ದನದ ಕೊಟ್ಟಿಗೆಯಲ್ಲಿ, ಸಂಜೆ ಬೀದಿಯ ನಲ್ಲಿಯ ಬಳಿಯಲ್ಲಿ, ಎಲ್ಲಿ ನೋಡಿದರೂ ಅದೇ. ಇಟ್ಟದ್ದು ಇಟ್ಟಲ್ಲಿ ಇರುವದಿಲ್ಲ. ಹಿಟ್ಟಿನ ಡಬ್ಬಿ ಉರುಳುತ್ತದೆ. ಅಜ್ಜಿಯ ಎಲೆಅಡಿಕೆಯ ಚೀಲ ಬರಿದಾಗುತ್ತದೆ. ಅಪ್ಪನ ಚಪ್ಪಲಿ ನೀರಿನ ಕೊಡದೊಳಗೆ ಸಿಕ್ಕುತ್ತದೆ. ಆಗ ತಾಯಿಯು ಬೇಸತ್ತು, "ಇಂಥ ತುಂಟ ಕೂಸು ಯಾರ ಮನೆಯಲ್ಲಿಯೂ ಇಲ್ಲ" ಅನ್ನುತ್ತಾಳೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸೀಮೆಗಳಲ್ಲಿ ಮನೆಮನೆಗೆ ಹೋಗುವವರಾದ ನಾವು ಈ ಮಾತನ್ನು ಅನೇಕ ಕಡೆ ಕೇಳಿದ್ದೇವೆ. ನಮ್ಮ ಮನೆಯಲ್ಲಿ ನಾವೂ ಆಡಿದ್ದೇವೆ. ಆದಕಾರಣ ಈ ತಿಂಗಳ ಪಾಠದಲ್ಲಿ ಒಂದರಿಂದ ಮೂರು ವರುಷದ ಕೂಸಿನ ವಿಷಯವಾಗಿಯೂ ಅದರ ಮನೆಯವರ ಕರ್ತವ್ಯದ ವಿಷಯವಾಗಿಯೂ ಆಲೋಚಿಸೋಣ.

ಮೊದಲು ನಮಗೆ ಸಂಭವಿಸಿದ್ದನ್ನು ಹೇಳುವೆವು. ನಮ್ಮ ಕಡೆಯ ಮಗನಿಗೆ ಆಗ ಒಂದೂವರೆ ವರುಷ. ಶೇಂಗಾ ಕಿತ್ತು ಮನೆಗೆ ತಂದ ಕಾಲ. ಸಂಜೆ ಪಡಸಾಲೆಯಲ್ಲಿ ಕಾಯಿಯ ರಾಶಿ ಹಾಕಿಕೊಂಡು ಮನೆಯವರೆಲ್ಲರೂ ಸುಲಿಯುತ್ತಾ ಕೂತಿದ್ದೆವು. ಕೂಸನ್ನು ನೋಡಿಕೊಳ್ಳೆಂದು ಒಂಭತ್ತು ವರುಷದ ಮಗಳಿಗೆ ಹೇಳಿದ್ದೆವು. ಅವಳು ಅಟ್ಟಿಸಿಕೊಂಡು ಹೋಗುವದು, ಅವನು ಕೇಕೆ ಹಾಕಿ ಓಡುವದು, ಹೀಗೆ ಆಟ ನಡೆದಿತ್ತು. ಓಡುವಾಗಲೇ ಅವನು ರಾಶಿಯಿಂದ ಬೀಜ ಹೆಕ್ಕಿ ಬಾಯಿಗೆ ಹಾಕಿಕೊಂಡನು. ಒಮ್ಮೆಲೇ ಕೆಮ್ಮು ಹತ್ತಿತು, ಮುಖ ಕಪ್ಪಿಟ್ಟಿತು. ಒಬ್ಬರು ನೀರು ಕುಡಿಸಬಂದರು, ಒಬ್ಬರು ಬಾಯೊಳಗೆ ಬೆರಳು ಹಾಕಿದರು. ಸ್ವಲ್ಪ ಹೊತ್ತಿಗೆ ಕೆಮ್ಮು ನಿಂತು ಅವನು ಮೊದಲಿನಂತೆ ಆಡತೊಡಗಿದನು. ಆ ಗಾಬರಿಯಲ್ಲಿ ನಾವು ಮಾಡಿದ್ದೇನಂದರೆ, "ನಿನ್ನ ಕಣ್ಣು ಎಲ್ಲಿತ್ತು?" ಎಂದು ಮಗಳ ಕೆನ್ನೆಗೆ ಹೊಡೆದೆವು.

ನಾಲ್ಕನೆಯ ದಿನ ಕೂಸಿಗೆ ಜ್ವರ ಬಂದು ಎದೆ ಗೊರಗೊರ ಅನ್ನತೊಡಗಿತು. ಶೀತವೆಂದು ತಿಳಿದು ಔಷಧ ತಂದೆವು, ವಾಸಿಯಾಗಲಿಲ್ಲ. ಕಡೆಗೆ ದಾವಣಗೆರೆಯ ಒಂದು ಆಸ್ಪತ್ರೆಯಲ್ಲಿ ವೈದ್ಯರು, "ಈ ಕೂಸು ಯಾವಾಗಲಾದರೂ ತಿನ್ನುವಾಗ ಕೆಮ್ಮಿತೋ?" ಎಂದು ಕೇಳಿದರು. ನಾವು ಸುಮ್ಮನೆ ನಿಂತೆವು. ನಮ್ಮ ಹಿಂದೆ ನಿಂತಿದ್ದ ಮಗಳೇ, "ಶೇಂಗಾ ತಿಂದಿತ್ತು" ಅಂದಳು. ಕೂಸಿಗೆ ಮತ್ತು ಕೊಟ್ಟು, ದೀಪವುಳ್ಳ ಸಣ್ಣ ಕೊಳವೆಯನ್ನು ಶ್ವಾಸನಾಳದೊಳಗೆ ಇಳಿಸಿ, ಅರ್ಧ ಬೀಜವನ್ನು ತೆಗೆದರು. ಕೂಸು ಉಳಿಯಿತು. ಊರಿಗೆ ಹಿಂದಿರುಗುವಾಗ ನಮಗೆ ಒಂದು ಸಂಗತಿ ಸ್ಪಷ್ಟವಾಗಿ ತೋರಿತು: ರಾಶಿಯನ್ನು ನೆಲದ ಮೇಲೆ ಹಾಕಿದವರು ನಾವು, ಏಟು ತಿಂದವಳು ಮಗಳು. ಮನೆಗೆ ಬಂದ ರಾತ್ರಿ ಎಲ್ಲರ ಮುಂದೆ ಅವಳಿಗೆ, "ತಪ್ಪು ನಮ್ಮದು" ಎಂದು ಹೇಳಿದೆವು. ಈ ಪಾಠವು ಅಲ್ಲಿಂದ ಹುಟ್ಟಿದ್ದು.

1. ಕೂಸು ಯಾಕೆ ಸುಮ್ಮನಿರುವದಿಲ್ಲ?

ಹೆಚ್ಚಿನ ಕೂಸುಗಳು ಹನ್ನೆರಡರಿಂದ ಹದಿನೈದು ತಿಂಗಳೊಳಗೆ ತಾವಾಗಿ ನಡೆಯುತ್ತವೆ. ಹದಿನೆಂಟು ತಿಂಗಳಾದರೂ ನಡೆಯದಿದ್ದರೆ ವೈದ್ಯರಿಗೆ ತೋರಿಸತಕ್ಕದ್ದು. ನಡೆಯಲು ಬಂದ ಕೂಸಿಗೆ ಲೋಕವೆಲ್ಲಾ ಹೊಸದು. ಬಿಸಿ ಅಂದರೇನು, ಭಾರ ಅಂದರೇನು, ಮೇಲಿಂದ ಬಿಟ್ಟದ್ದು ಎಲ್ಲಿಗೆ ಹೋಗುತ್ತದೆ ಎಂಬದನ್ನು ಅದಕ್ಕೆ ಮಾತಿನಿಂದ ತಿಳಿಸಲಾಗದು. ಅದು ಕೈಯಿಂದಲೂ ಬಾಯಿಂದಲೂ ಕಲಿಯುತ್ತದೆ. ಚೆಂಬನ್ನು ಹತ್ತು ಸಾರಿ ಕೆಡವುವ ಕೂಸು ನಮ್ಮನ್ನು ಕೆಣಕುವದಕ್ಕಾಗಿ ಹಾಗೆ ಮಾಡುವದಿಲ್ಲ. ಅದು ಪಾಠ ಓದುತ್ತದೆ. ಲೋಕ ಆರೋಗ್ಯ ಸಂಸ್ಥೆಯು 2019 ರಲ್ಲಿ ಕೊಟ್ಟ ಸೂಚನೆಯಂತೆ ಈ ವಯಸ್ಸಿನ ಕೂಸು ದಿನಕ್ಕೆ ಮೂರು ತಾಸಾದರೂ ಓಡಾಡಿ ಆಡಬೇಕು. ಎರಡು ವರುಷದೊಳಗಿನದು ಹಗಲುನಿದ್ದೆಯೂ ಸೇರಿ ಹನ್ನೊಂದರಿಂದ ಹದಿನಾಲ್ಕು ತಾಸು ನಿದ್ದೆ ಮಾಡಬೇಕು. ಹೀಗಿರಲಾಗಿ ಓಡಾಟವು ದೋಷವಲ್ಲ, ಆರೋಗ್ಯದ ಗುರುತು. ಓಡದೆ ಆಡದೆ ಮಂಕಾಗಿ ಮೂಲೆಯಲ್ಲಿ ಕೂತಿರುವ ಕೂಸಿಗಾಗಿ ನಾವು ಚಿಂತಿಸಬೇಕು.

ಕೆಲವರು ಕೆಲಸದ ಹೊತ್ತಿನಲ್ಲಿ ಕೂಸು ಸುಮ್ಮನಿರಲಿ ಎಂದು ಅದರ ಕೈಗೆ ಮೊಬೈಲು ಕೊಡುತ್ತಾರೆ. ಒಂದು ವರುಷದ ಕೂಸಿಗೆ ಅದು ಬೇಡವೇ ಬೇಡವೆಂದೂ, ಎರಡು ವರುಷದ್ದಕ್ಕೆ ದಿನಕ್ಕೆ ಒಂದು ತಾಸಿಗಿಂತ ಹೆಚ್ಚು ಸಲ್ಲದೆಂದೂ ಆ ಸೂಚನೆಯೇ ಹೇಳುತ್ತದೆ. ಕೂಸಿಗೆ ಬೇಕಾದದ್ದು ನಮ್ಮ ಕೆಲಸದಲ್ಲಿ ಪಾಲು. ಹೊಸದುರ್ಗದ ತೆಂಗಿನ ತೋಟದವರಿಗೆ ಚಿಪ್ಪಿಗೆ ಬರವಿಲ್ಲ. ಎರಡು ಚಿಪ್ಪು, ಒಂದು ಸೌಟು, ಒಂದು ಖಾಲಿ ಚೆಂಬು ಕೊಟ್ಟು ಅಮ್ಮನ ಹತ್ತಿರ ಕೂಡ್ರಿಸಿದರೆ ಅದೂ ಅಡಿಗೆ ಮಾಡುತ್ತದೆ.

2. ಕೂಸನ್ನು ತಿದ್ದುವ ಮೊದಲು ಮನೆಯನ್ನು ತಿದ್ದಬೇಕು

ಒಂದೂವರೆ ವರುಷದ ಕೂಸಿಗೆ "ಮುಟ್ಟಬೇಡ" ಎಂಬ ಮಾತು ತಿಳಿದರೂ ಆ ಮಾತು ನೆನಪಿನಲ್ಲಿ ನಿಲ್ಲುವದಿಲ್ಲ. ಆದಕಾರಣ ಅಪಾಯವಾದದ್ದನ್ನು ಅದರ ಕೈಗೆ ಎಟುಕದಂತೆ ಇಡುವದೇ ಮೊದಲನೆಯ ಶಿಕ್ಷಣ. ನಮ್ಮ ಸೀಮೆಯ ಮನೆಗಳಲ್ಲಿ ವಿಶೇಷವಾಗಿ ನೋಡತಕ್ಕವುಗಳು ಇವು.

ಕಾಳು ಮತ್ತು ಬೀಜ. ಶೇಂಗಾ, ಅಡಿಕೆ ಚೂರು, ಹುರಿಗಡಲೆ, ಹುಣಿಸೇಬೀಜ ಇವುಗಳನ್ನು ಎತ್ತರದಲ್ಲಿ ಇಡಬೇಕು. ಸುಲಿಯುವಾಗ ಕೂಸು ಬೇರೆ ಕಡೆ ಇರಬೇಕು. ಐದು ವರುಷ ತುಂಬುವ ತನಕ ಇಡೀ ಶೇಂಗಾ ಬೀಜವನ್ನು ತಿನ್ನಿಸಬಾರದು. ಪುಡಿಮಾಡಿ ಅನ್ನದಲ್ಲಿ ಕಲಸಿ ಕೊಡಬಹುದು. ತಿನ್ನುವಾಗ ಕೂಸು ಕೂತಿರಬೇಕು, ಓಡಬಾರದು.

ನೀರು. ನಮ್ಮದು ಮಳೆ ಕಡಿಮೆಯಾದ ಸೀಮೆ. ಹಿರಿಯೂರಿನ ವಾಣಿವಿಲಾಸ ಸಾಗರವು 1933 ರಲ್ಲಿ ತುಂಬಿದ ಮೇಲೆ ಮತ್ತೆ ಕೋಡಿ ಹರಿದದ್ದು 2022 ರಲ್ಲಿ. ನೀರಿಗಾಗಿ ಹಾತೊರೆಯುವ ನಮಗೆ ನೀರಿಗೆ ಹೆದರುವ ಅಭ್ಯಾಸವಿಲ್ಲ. ನಲ್ಲಿಯಲ್ಲಿ ನೀರು ಬಂದ ದಿನ ತೊಟ್ಟಿ, ಡ್ರಮ್ಮು, ಬಕೆಟ್ಟುಗಳನ್ನೆಲ್ಲಾ ತುಂಬಿ ಬಾಯಿ ತೆರೆದೇ ಬಿಡುತ್ತೇವೆ. ಕೂಸಿನ ತಲೆ ಭಾರ, ಕಾಲು ಹಗುರ. ಬಕೆಟ್ಟಿಗೆ ಬಗ್ಗಿದರೆ ಮುಗ್ಗರಿಸಿ ಬೀಳುತ್ತದೆ, ತಾನಾಗಿ ಏಳಲಾರದು. ಎರಡು ಅಂಗುಲ ನೀರು ಸಾಕು, ಸದ್ದೂ ಆಗುವದಿಲ್ಲ. ಎಲ್ಲವನ್ನೂ ಮುಚ್ಚಿರಿ, ಖಾಲಿ ಬಕೆಟ್ಟನ್ನು ಬೋರಲು ಹಾಕಿರಿ. ಹೊಲದಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿದ ಕೃಷಿ ಹೊಂಡವಿದ್ದರೆ ಸುತ್ತಲೂ ಬೇಲಿ ಇರಲಿ, ಯಾಕಂದರೆ ಆ ಹಾಳೆಯ ಮೇಲೆ ದೊಡ್ಡವರ ಕಾಲೂ ನಿಲ್ಲದು.

ಕೊಳವೆ ಬಾವಿ. 2024 ರ ಏಪ್ರಿಲ್ ತಿಂಗಳಲ್ಲಿ ವಿಜಯಪುರ ಜಿಲ್ಲೆಯ ಇಂಡಿ ತಾಲೂಕಿನ ಲಚ್ಯಾಣ ಗ್ರಾಮದಲ್ಲಿ ಎರಡು ವರುಷ ತುಂಬದ ಕೂಸೊಂದು ಆಡುತ್ತಾ ಹೋಗಿ ಹೊಸದಾಗಿ ಕೊರೆದ ಕೊಳವೆ ಬಾವಿಯೊಳಗೆ ಬಿತ್ತು. ಸುಮಾರು 20 ತಾಸಿನ ಪ್ರಯತ್ನದ ಮೇಲೆ ಅದನ್ನು ಜೀವಂತವಾಗಿ ತೆಗೆದರು. ಎಲ್ಲಾ ಕೂಸುಗಳೂ ಹೀಗೆ ಮೇಲಕ್ಕೆ ಬರಲಿಲ್ಲ. ಕೊಳವೆಯ ಬಾಯನ್ನು ಗಟ್ಟಿಯಾದ ಮುಚ್ಚಳದಿಂದ ಬಿಗಿಯಬೇಕೆಂದೂ, ಕೊರೆಯುವಾಗ ಸುತ್ತಲೂ ಬೇಲಿ ಹಾಕಬೇಕೆಂದೂ, ಬಿಟ್ಟ ಬಾವಿಯನ್ನು ತಳದಿಂದ ಮೇಲಿನ ತನಕ ಮುಚ್ಚಬೇಕೆಂದೂ ಸರ್ವೋಚ್ಚ ನ್ಯಾಯಾಲಯವು 2010 ರಲ್ಲಿಯೇ ಆಜ್ಞಾಪಿಸಿತು. ಕೊಳವೆ ಬಾವಿಗಳಿಂದಲೇ ಬದುಕುವ ನಮ್ಮ ಜಿಲ್ಲೆಯವರು ಇದನ್ನು ಮರೆಯಬಾರದು. ನೀರು ಬಾರದ ಬಾವಿಗೆ ಗೋಣೀಚೀಲ ಮುಚ್ಚಿ ಬರುವದು ನೆರೆಯವನ ಕೂಸಿಗೆ ಗುಂಡಿ ತೋಡಿದಂತೆಯೇ.

ಬೆಂಕಿ ಮತ್ತು ವಿಷ. ಹೊಳಲ್ಕೆರೆಯ ಕಡೆ ಅಡಿಕೆ ಬೇಯಿಸುವ ದಿವಸಗಳಲ್ಲಿ ಹಂಡೆಯ ಚೊಗರು ಇಳಿಸಿದ ಮೇಲೆಯೂ ಬಹು ಹೊತ್ತು ಸುಡುತ್ತದೆ; ಅದನ್ನು ನೆಲದ ಮೇಲೆ ಇಟ್ಟು ಹೋಗಬಾರದು. ಬೆಳೆಗೆ ಹೊಡೆಯುವ ಔಷಧವನ್ನು ಎಂದಿಗೂ ಕುಡಿಯುವ ನೀರಿನ ಬಾಟ್ಲಿಯಲ್ಲಿ ಹಾಕಿಡಬಾರದು. ಕೂಸಿಗೆ ಬಾಟ್ಲಿಯ ಗುರುತು ಉಂಟು, ವಿಷದ ಗುರುತು ಇಲ್ಲ.

3. ಅಪಾಯ ಬಂದಾಗ ಮಾಡತಕ್ಕದ್ದು

ಗಂಟಲಿಗೆ ಏನಾದರೂ ಸಿಕ್ಕಿ ಕೂಸು ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿರಿ, ನೀರು ಕುಡಿಸಬೇಡಿರಿ. ಕಾಣದೆ ಬಾಯೊಳಗೆ ಬೆರಳು ಹಾಕಿದರೆ ಸಿಕ್ಕಿದ್ದು ಇನ್ನೂ ಒಳಗೆ ಹೋಗುವದು. ಕೆಮ್ಮಲಾರದೆ, ಧ್ವನಿ ಬಾರದೆ, ಉಸಿರು ಕಟ್ಟಿದರೆ ಒಬ್ಬರು 108 ಕ್ಕೆ ಕರೆಮಾಡಲಿ. ಇನ್ನೊಬ್ಬರು ಕೂಸನ್ನು ತೊಡೆಯ ಮೇಲೆ ತಲೆ ತಗ್ಗಾಗಿ ಬೋರಲು ಮಲಗಿಸಿ ಎರಡು ಹೆಗಲೆಲುಬುಗಳ ನಡುವೆ ಅಂಗೈಯ ಬುಡದಿಂದ ಐದು ಸಾರಿ ಬಲವಾಗಿ ತಟ್ಟಲಿ. ಬಾರದಿದ್ದರೆ, ಒಂದು ವರುಷ ದಾಟಿದ ಕೂಸನ್ನು ಹಿಂದಿನಿಂದ ತಬ್ಬಿ, ಹೊಕ್ಕುಳಿಗೂ ಎದೆಯೆಲುಬಿಗೂ ನಡುವೆ ಮುಷ್ಟಿಯಿಟ್ಟು, ಒಳಕ್ಕೂ ಮೇಲಕ್ಕೂ ಐದು ಸಾರಿ ಒತ್ತಬೇಕು. ಒಂದು ವರುಷದೊಳಗಿನ ಕೂಸಿಗೆ ಹೊಟ್ಟೆಯನ್ನು ಒತ್ತಬಾರದು. ಎದೆಯ ನಡುವೆ ಒತ್ತಬೇಕು. ಸಿಕ್ಕಿದ್ದು ಹೊರಬೀಳುವ ತನಕ ಹೀಗೆ ತಟ್ಟುವದನ್ನೂ ಒತ್ತುವದನ್ನೂ ಒಂದಾದ ಮೇಲೊಂದು ಮಾಡುತ್ತಿರಬೇಕು. ಇದನ್ನು ಆರೋಗ್ಯ ಕೇಂದ್ರದವರಿಂದ ಕಣ್ಣಾರೆ ಕಲಿಯುವದು ಉತ್ತಮ. ಕೆಮ್ಮು ನಿಂತಿತೆಂದು ನಾವು ಮೋಸಹೋದಂತೆ ನೀವು ಮೋಸಹೋಗಬೇಡಿರಿ. ಆ ಮೇಲೆ ಗೊರಗೊರ ಸದ್ದೋ ಬಿಡದ ಕೆಮ್ಮೋ ಜ್ವರವೋ ಇದ್ದರೆ ವೈದ್ಯರಿಗೆ ಬೀಜದ ಸಂಗತಿಯನ್ನು ತಪ್ಪದೆ ಹೇಳಿರಿ.

ಸುಟ್ಟ ಗಾಯಕ್ಕೆ ಹರಿಯುವ ತಣ್ಣೀರನ್ನು ಇಪ್ಪತ್ತು ನಿಮಿಷ ಬಿಡಬೇಕು. ಹಲ್ಲುಜ್ಜುವ ಪೇಸ್ಟು, ಶಾಯಿ, ಎಣ್ಣೆ ಇವುಗಳನ್ನು ಹಚ್ಚಬಾರದು.

4. ಹಟವೂ ಸಿಟ್ಟೂ

ಎರಡು ವರುಷದ ಹೊತ್ತಿಗೆ ಕೂಸು "ಬ್ಯಾಡ" ಅನ್ನಲು ಕಲಿಯುತ್ತದೆ. ಕಲಿತ ಮೇಲೆ ಎಲ್ಲದಕ್ಕೂ ಅದನ್ನೇ ಅನ್ನುತ್ತದೆ. ನೆಲದ ಮೇಲೆ ಬಿದ್ದು ಹೊರಳುತ್ತದೆ. ಅದರ ಆಶೆಗಳು ಬಹಳ, ಮಾತುಗಳು ಸ್ವಲ್ಪ. ಹೇಳಲಾರದ್ದನ್ನು ಅದು ಕೈಕಾಲು ಬಡಿದು ಹೇಳುತ್ತದೆ. ಆಗ ಹೊಡೆದರೆ ಅದು ಕಲಿಯುವ ಪಾಠ ಒಂದೇ: ದೊಡ್ಡವನು ಚಿಕ್ಕವನನ್ನು ಹೊಡೆಯಬಹುದು ಎಂಬದು. ಹತ್ತಿರ ಕೂತು, ಕೆಟ್ಟದಾಗದಂತೆ ನೋಡಿಕೊಂಡು, ಅಲೆ ಇಳಿದ ಮೇಲೆ ಎತ್ತಿಕೊಳ್ಳಿರಿ. ಹಸಿವೋ ನಿದ್ದೆಯೋ ಎಂದು ಮೊದಲು ವಿಚಾರಿಸಿರಿ. ಬೇಡವೆಂದದ್ದನ್ನು ಅಮ್ಮನೂ ಅಪ್ಪನೂ ಅಜ್ಜಿಯೂ ಒಂದೇ ರೀತಿಯಾಗಿ ಬೇಡವೆನ್ನಬೇಕು. ಒಬ್ಬರು ಬೈದದ್ದಕ್ಕೆ ಇನ್ನೊಬ್ಬರು ಬೆಲ್ಲ ಕೊಟ್ಟರೆ ಕೂಸು ಏನು ತಿಳಿದೀತು?

"ಗುಮ್ಮ ಬಂತು" ಎಂದೂ "ಸೂಜಿ ಚುಚ್ಚಿಸುತ್ತೇನೆ" ಎಂದೂ ಹೆದರಿಸುವ ಪದ್ಧತಿಯನ್ನು ಬಿಡಬೇಕು. ಹದಿನಾರರಿಂದ ಇಪ್ಪತ್ತನಾಲ್ಕು ತಿಂಗಳೊಳಗೆ ದಡಾರ ರುಬೆಲ್ಲಾದ ಎರಡನೆಯ ಚುಚ್ಚುಮದ್ದನ್ನೂ ಇನ್ನು ಕೆಲವನ್ನೂ ಕೂಸಿಗೆ ಹಾಕಿಸಲೇಬೇಕು. ಸೂಜಿಯೇ ಶಿಕ್ಷೆಯೆಂದು ನಾವು ಕಲಿಸಿದ ಮೇಲೆ ಅದು ದಾದಿಯನ್ನು ಕಂಡು ಚೀರಿದರೆ ತಪ್ಪು ಯಾರದು?

ಸಂಜೆಯ ಪ್ರಾರ್ಥನೆಯಲ್ಲಿ ಕೂಸು ಸುಮ್ಮನೆ ಕೂಡ್ರುವದಿಲ್ಲವೆಂದು ಅನೇಕರು ನಮ್ಮೊಂದಿಗೆ ಹೇಳಿಕೊಳ್ಳುತ್ತಾರೆ. ಉಪದೇಶಿಯ ಮನೆಯಲ್ಲಿಯೂ ಕೂಡ್ರುವದಿಲ್ಲ. ನಾವು ಪ್ರಾರ್ಥನೆಯನ್ನು ಚಿಕ್ಕದು ಮಾಡಿ ಹಾಡನ್ನು ಮೊದಲು ಇಟ್ಟೆವು. ಸಭೆಯಲ್ಲಿ ಕೂಸು ಅತ್ತರೆ ಹಿರಿಯರು ತಿರುಗಿ ತಾಯಿಯನ್ನು ದುರುಗುಟ್ಟಿ ನೋಡದಿರಲಿ. ಹತ್ತಿರ ಕೂತವರು ಸ್ವಲ್ಪ ಹೊತ್ತು ಎತ್ತಿಕೊಳ್ಳಲಿ.

5. ಕಾವಲು ಯಾರದು?

ತಾಯಿಯು ಕೂಲಿಗೆ ಹೋಗುವ ಮನೆಗಳಲ್ಲಿ ಈ ಭಾರವು ಹಿರಿಯ ಹುಡುಗಿಯ ಸೊಂಟದ ಮೇಲೆ ಬೀಳುತ್ತದೆ. ಎಷ್ಟೋ ಹುಡುಗಿಯರ ಶಾಲೆ ಹೀಗೆಯೇ ನಿಂತಿತು. ಆರರಿಂದ ಹದಿನಾಲ್ಕು ವರುಷದ ಮಕ್ಕಳ ವಿದ್ಯೆಯು 2009 ರ ಕಾಯಿದೆಯಂತೆ ಅವರ ಹಕ್ಕು. ಒಂಭತ್ತು ವರುಷದವಳು ತಾನೇ ಕೂಸು. ಅವಳು ಸಹಾಯ ಮಾಡಬಹುದು, ಹೊಣೆ ಹೊರಲಾರಳು. 2023 ರಿಂದೀಚೆಗೆ ನಮ್ಮ ರಾಜ್ಯದ ಅನೇಕ ಗ್ರಾಮ ಪಂಚಾಯತಿಗಳಲ್ಲಿ ಮೂರು ವರುಷದೊಳಗಿನವರಿಗಾಗಿ "ಕೂಸಿನ ಮನೆ" ಎಂಬ ಶಿಶುಪಾಲನಾ ಗೃಹಗಳು ತೆರೆಯಲ್ಪಟ್ಟವು; ನಿಮ್ಮ ಪಂಚಾಯತಿಯಲ್ಲಿ ವಿಚಾರಿಸಿರಿ. ಇಲ್ಲದ ಕಡೆಗಳಲ್ಲಿ ನಾಲ್ಕು ಮನೆಯವರು ಕೂಡಿ ಸರದಿಯಂತೆ ಒಬ್ಬ ಹಿರಿಯಳನ್ನು ಮನೆಯಲ್ಲಿ ನಿಲ್ಲಿಸಬಹುದು. ತಂದೆಗಳೂ ತಿಳಿಯತಕ್ಕದ್ದೇನಂದರೆ, ಕೂಸಿನ ಹಿಂದೆ ಓಡುವದು ಹೆಂಗಸರ ಕೆಲಸವೆಂದು ಎಲ್ಲಿಯೂ ಬರೆದಿಲ್ಲ. ನಾವು ಈಗ ಸಂಜೆಯ ಒಂದು ತಾಸು ಆ ಕೆಲಸವನ್ನು ಮಾಡುತ್ತೇವೆ. ಹೊಲದ ಕೆಲಸಕ್ಕಿಂತ ಅದು ಹಗುರವಲ್ಲವೆಂದು ನಮ್ಮ ಮೊಣಕಾಲು ಸಾಕ್ಷಿ ಹೇಳುತ್ತದೆ.

ನಮ್ಮ ಕೂಸಿಗೆ ಈಗ ಎರಡೂವರೆ ವರುಷ. ಶೇಂಗಾ ಚೀಲ ಅಟ್ಟದ ಮೇಲಿದೆ, ಬಕೆಟ್ಟು ಬೋರಲಾಗಿದೆ. ಅವನು ಮೊದಲಿನಂತೆಯೇ ಓಡುತ್ತಾನೆ. ಮಗಳು ಶಾಲೆಯಿಂದ ಬಂದು ಅವನೊಂದಿಗೆ ಓಡುತ್ತಾಳೆ. ಓಡಲಿ.

ಮನೆಯಲ್ಲಿ ಕೂಡಿ ಆಲೋಚಿಸತಕ್ಕ ಪ್ರಶ್ನೆಗಳು

1. ನಮ್ಮ ಮನೆಯ ನೆಲದಿಂದ ಎರಡು ಮೊಳ ಎತ್ತರದೊಳಗೆ ಕೂಸಿಗೆ ಅಪಾಯವಾದದ್ದು ಏನೇನಿದೆ? ಕೂಸಿನಷ್ಟೇ ತಗ್ಗಾಗಿ ಕೂತು ನೋಡಿರಿ.
2. ನಮ್ಮ ಊರಿನಲ್ಲಿ ಬಾಯಿ ಮುಚ್ಚದ ಕೊಳವೆ ಬಾವಿ ಉಂಟೋ? ಅದನ್ನು ಈ ವಾರ ಯಾರು ಮುಚ್ಚುವರು?
3. ಕೂಸಿಗೆ ಕೆಟ್ಟದಾದಾಗ ನಾವು ಯಾರನ್ನು ಬೈಯುತ್ತೇವೆ? ಹಾಗೆ ಬೈಯುವದು ನ್ಯಾಯವೋ?