ಟಿಕೆಟ್ ಇಲ್ಲದ ಚಿತ್ರಶಾಲೆ: ಲಂಡನ್ನಿನ ನ್ಯಾಷನಲ್ ಗ್ಯಾಲರಿಗೆ ಮೊದಲ ಸಲ ಹೋಗುವವರಿಗೆ

ಮಗನ ಮನೆಗೋ ಮಗಳ ಮನೆಗೋ ಎಂದು ಲಂಡನ್ನಿಗೆ ಹೋಗುವ ನಮ್ಮ ಹಿರಿಯರು, ಓದಲು ಹೋದ ಹುಡುಗರು, ಕಂಪನಿ ಕೆಲಸದ ನಡುವೆ ಒಂದು ಶನಿವಾರ ಬಿಡುವು ಸಿಕ್ಕವರು, ಎಲ್ಲರ ಪಟ್ಟಿಯಲ್ಲೂ ಟ್ರಫಾಲ್ಗರ್ ಚೌಕ ಇದ್ದೇ ಇರುತ್ತದೆ. ನೆಲ್ಸನ್ ಕಂಬದ ಕೆಳಗೆ, ಸಿಂಹಗಳ ಪಕ್ಕದಲ್ಲಿ ಫೋಟೊ ತೆಗೆಸಿಕೊಂಡು ಬಹಳ ಮಂದಿ ಮುಂದಿನ ಜಾಗಕ್ಕೆ ಹೊರಟುಬಿಡುತ್ತಾರೆ. ಆ ಚೌಕದ ಉತ್ತರ ದಿಕ್ಕಿನುದ್ದಕ್ಕೂ ನಿಂತಿರುವ ಕಟ್ಟಡವೇ ನ್ಯಾಷನಲ್ ಗ್ಯಾಲರಿ. ಒಳಗೆ 2,300ಕ್ಕೂ ಹೆಚ್ಚು ಚಿತ್ರಗಳಿವೆ. ಆರುನೂರು ವರ್ಷಗಳಿಗೂ ಮೀರಿದ ಯುರೋಪಿನ ಚಿತ್ರಕಲೆ ಅಲ್ಲಿದೆ. ನೋಡಲು ಒಂದು ಪೆನ್ನಿಯನ್ನೂ ಕೊಡಬೇಕಿಲ್ಲ. ‘ಅದೆಲ್ಲ ನಮಗೆ ಅರ್ಥವಾಗಲ್ಲ ಬಿಡಿ’ ಎಂದು ಹೊರಗಿನಿಂದಲೇ ಹಿಂತಿರುಗುವವರನ್ನು ಕೈಹಿಡಿದು ಒಳಗೆ ಕರೆದುಕೊಂಡು ಹೋಗಬೇಕೆಂಬುದು ನನ್ನ ಆಸೆ.

ದುಡ್ಡು ಕೊಟ್ಟು ಒಳಗೆ ಹೋದರೆ ಅದು ವಸೂಲಾಗಲಿ ಎಂದು ಮೂಲೆಮೂಲೆ ಸುತ್ತುತ್ತೇವೆ. ಕೊನೆಗೆ ಕಾಲುನೋವೊಂದೇ ನೆನಪಿನಲ್ಲಿ ಉಳಿಯುತ್ತದೆ. ಇಲ್ಲಿ ಆ ಲೆಕ್ಕವೇ ಇಲ್ಲ. ಎರಡೇ ಚಿತ್ರ ನೋಡಿ ಅರ್ಧ ಗಂಟೆಯಲ್ಲಿ ಹೊರಬಂದರೂ ನಷ್ಟವಿಲ್ಲ. ಈ ಸ್ವಾತಂತ್ರ್ಯವನ್ನು ಪೂರ್ತಿ ಬಳಸಿಕೊಳ್ಳಿ. ಇಡೀ ಗ್ಯಾಲರಿ ನೋಡಿ ಮುಗಿಸುತ್ತೇನೆ ಎಂಬ ಹಟವನ್ನು ಬಾಗಿಲಲ್ಲೇ ಬಿಡಿ.

ಹಂತ 1: ದಿನ ಮತ್ತು ಹೊತ್ತು

ಗ್ಯಾಲರಿ ದಿನವೂ ಬೆಳಿಗ್ಗೆ 10ರಿಂದ ಸಂಜೆ 6ರವರೆಗೆ ತೆರೆದಿರುತ್ತದೆ. ಶುಕ್ರವಾರ ಮಾತ್ರ ರಾತ್ರಿ 9ರವರೆಗೆ. ಡಿಸೆಂಬರ್ 24, 25, 26 ಮತ್ತು ಜನವರಿ 1ರಂದು ರಜೆ. ಆದಷ್ಟು ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಹೋಗಿ, ಇಲ್ಲವೇ ಶುಕ್ರವಾರ ಸಂಜೆ ಹೋಗಿ. ಶನಿವಾರ, ಭಾನುವಾರ ಮಧ್ಯಾಹ್ನ ಬೇಡ. ಜಾಲತಾಣದಲ್ಲಿ ಉಚಿತವಾಗಿ ಮುಂಗಡ ಬುಕಿಂಗ್ ಮಾಡಬಹುದು. ಮಾಡದಿದ್ದರೂ ಒಳಗೆ ಬಿಡುತ್ತಾರೆ. ಒಂದು ಎಚ್ಚರ: ಕಾಯಂ ಸಂಗ್ರಹ ಮಾತ್ರ ಉಚಿತ. ಆಗಾಗ ನಡೆಯುವ ವಿಶೇಷ ಪ್ರದರ್ಶನಗಳಿಗೆ ಬೇರೆ ಟಿಕೆಟ್ ಇರುತ್ತದೆ, ಅದು ಅಗ್ಗವೇನಲ್ಲ. ಮೊದಲ ಸಲಕ್ಕೆ ಅದರ ಗೋಜು ಬೇಡವೇ ಬೇಡ.

ಹಂತ 2: ಬಾಗಿಲು ದಾಟುವುದು

ಚೇರಿಂಗ್ ಕ್ರಾಸ್ ಅಥವಾ ಲೆಸ್ಟರ್ ಸ್ಕ್ವೇರ್ ಟ್ಯೂಬ್ ಸ್ಟೇಷನ್ನಿನಲ್ಲಿ ಇಳಿಯಿರಿ. ಎರಡೂ ಕಡೆಯಿಂದ ಐದು ನಿಮಿಷದ ನಡಿಗೆ. ಥೇಮ್ಸ್ ದಂಡೆಯಲ್ಲಿ 2015ರಲ್ಲಿ ಅನಾವರಣಗೊಂಡ ಬಸವಣ್ಣನ ಪುತ್ಥಳಿಯನ್ನು ನೋಡಲು ನಮ್ಮವರು ಹೋಗುವುದುಂಟು. ಅಲ್ಲಿಂದ ಲ್ಯಾಂಬೆತ್ ಸೇತುವೆ ದಾಟಿ, ಪಾರ್ಲಿಮೆಂಟ್ ಪಕ್ಕದಲ್ಲಿ ಹಾದು, ವೈಟ್‌ಹಾಲ್ ಬೀದಿಗುಂಟ ನೇರ ನಡೆದರೆ ಇದೇ ಚೌಕ ಸಿಗುತ್ತದೆ. ನಡೆಯುವ ಶಕ್ತಿಯಿದ್ದವರು ಎರಡನ್ನೂ ಒಂದೇ ದಿನಕ್ಕೆ ಸೇರಿಸಿಕೊಳ್ಳಬಹುದು.

ಚೌಕದಲ್ಲಿ ಕಟ್ಟಡಕ್ಕೆ ಮುಖಮಾಡಿ ನಿಂತಾಗ ಎಡತುದಿಯಲ್ಲಿ ಕಾಣುವುದು ಸೇನ್ಸ್‌ಬರಿ ವಿಂಗ್. ಎರಡು ವರ್ಷದ ದುರಸ್ತಿಯ ನಂತರ 2025ರ ಮೇ ತಿಂಗಳಲ್ಲಿ ಮತ್ತೆ ತೆರೆದ ಇದೇ ಈಗ ಮುಖ್ಯ ಪ್ರವೇಶ. ಬಾಗಿಲಲ್ಲಿ ಬ್ಯಾಗು ತಪಾಸಣೆ ಇದೆ. 2022ರಲ್ಲಿ ಹವಾಮಾನ ಹೋರಾಟಗಾರರು ವ್ಯಾನ್ ಗೋನ ಸೂರ್ಯಕಾಂತಿ ಚಿತ್ರದ ಮೇಲೆ ಟೊಮೆಟೊ ಸೂಪ್ ಎರಚಿದರು, 2024ರಲ್ಲಿ ಮತ್ತೆ ಹಾಗೇ ಆಯಿತು. ಮೇಲೆ ಗಾಜಿದ್ದುದರಿಂದ ಚಿತ್ರಕ್ಕೆ ಏನೂ ಆಗಲಿಲ್ಲ. ಆದರೆ 2024ರ ಅಕ್ಟೋಬರಿನಲ್ಲಿ ನೀರು, ಜ್ಯೂಸ್ ಮುಂತಾದ ದ್ರವಗಳನ್ನು ಒಳಗೆ ತರಬಾರದೆಂಬ ನಿಯಮ ಬಂತು. ಮಗುವಿನ ಹಾಲಿಗೂ ವೈದ್ಯರು ಬರೆದುಕೊಟ್ಟ ಔಷಧಿಗೂ ವಿನಾಯಿತಿ ಇಟ್ಟರು. ಆದ್ದರಿಂದ ನೀರನ್ನು ಹೊರಗೇ ಕುಡಿದು ಹೋಗಿ. ವಿಮಾನದಿಂದ ಇಳಿದವರು ಸೂಟ್‌ಕೇಸ್ ಎಳೆದುಕೊಂಡು ನೇರ ಇಲ್ಲಿಗೆ ಬರಬೇಡಿ, ದೊಡ್ಡ ಲಗೇಜನ್ನು ಒಳಗೆ ಬಿಡುವುದಿಲ್ಲ.

ಹಂತ 3: ಮೂರು ಚಿತ್ರ ಆರಿಸಿಕೊಳ್ಳಿ

ಎರಡನೇ ಮಹಾಯುದ್ಧದ ಕಾಲದಲ್ಲಿ ಬಾಂಬಿನ ಭಯಕ್ಕೆ ಈ ಗ್ಯಾಲರಿಯ ಚಿತ್ರಗಳನ್ನೆಲ್ಲ ಊರಾಚೆ ಸಾಗಿಸಿ, ಕೊನೆಗೆ ವೇಲ್ಸ್‌ನ ಮ್ಯಾನಡ್ ಎಂಬಲ್ಲಿ ಸ್ಲೇಟ್ ಕಲ್ಲಿನ ಗಣಿಯೊಳಗೆ ಇಟ್ಟಿದ್ದರು. ಗೋಡೆಗಳು ಖಾಲಿ. 1942ರಿಂದ ತಿಂಗಳಿಗೆ ಒಂದೇ ಒಂದು ಚಿತ್ರವನ್ನು ಗಣಿಯಿಂದ ತಂದು ತೂಗುಹಾಕತೊಡಗಿದರು. ಆ ಒಂದು ಚಿತ್ರ ನೋಡಲೆಂದೇ ಜನ ಬಂದರು. ಆಗ ಒಂದು ಸಾಕಾಗಿತ್ತು. ನಮಗೆ ಮೊದಲ ದಿನಕ್ಕೆ ಮೂರು ಧಾರಾಳವಾಯಿತು.

ನಾನು ಸೂಚಿಸುವ ಮೂರು: ಯಾನ್ ವಾನ್ ಐಕ್‌ನ ಆರ್ನಾಲ್ಫಿನಿ ದಂಪತಿ ಎಂದು ಹೆಸರಾದ ಚಿತ್ರ (1434), ಟಿಶಿಯನ್ನನ ‘ಬ್ಯಾಕಸ್ ಮತ್ತು ಅರಿಯಾಡ್ನೆ’ (1520-23), ಟರ್ನರ್‌ನ ‘ಫೈಟಿಂಗ್ ಟೆಮರೇರ್’ (1839). ಕೋಣೆಗಳಿಗೆ ನಂಬರ್ ಇದೆ. ಆದರೆ ಚಿತ್ರಗಳು ಕೋಣೆ ಬದಲಿಸುತ್ತವೆ, ಕೆಲವೊಮ್ಮೆ ಬೇರೆ ಊರಿನ ಪ್ರದರ್ಶನಕ್ಕೂ ಹೋಗಿರುತ್ತವೆ. ಹೊರಡುವ ಮುನ್ನ ಗ್ಯಾಲರಿಯ ಜಾಲತಾಣದಲ್ಲಿ ಚಿತ್ರದ ಹೆಸರು ಹುಡುಕಿದರೆ ಅಂದು ಯಾವ ಕೋಣೆಯಲ್ಲಿದೆ ಎಂದು ತಿಳಿಯುತ್ತದೆ. ದಾರಿ ತಪ್ಪಿದರೆ ಕೋಣೆಯ ಕಾವಲಿಗಿರುವ ಸಿಬ್ಬಂದಿಯನ್ನು ಕೇಳಿ.

ಹಂತ 4: ಒಂದರ ಮುಂದೆ ಹತ್ತು ನಿಮಿಷ

ಆರ್ನಾಲ್ಫಿನಿ ಚಿತ್ರ ಚಿಕ್ಕದು. ಎತ್ತರ 82 ಸೆಂಟಿಮೀಟರು, ಅಗಲ 60. ಮೊದಲು ದೂರದಿಂದ ನೋಡಿ. ಒಂದು ಕೋಣೆ, ತುಪ್ಪಳದ ಅಂಚಿನ ಉಡುಪು ತೊಟ್ಟ ಗಂಡಸು, ಹಸಿರು ನಿಲುವಂಗಿಯ ಹೆಂಗಸು, ಕಾಲ ಬಳಿ ನಾಯಿ. ನಮ್ಮವರೆಲ್ಲ ಕೇಳುವ ಮೊದಲ ಪ್ರಶ್ನೆ, ‘ಆಕೆ ಬಸುರಿಯೇ?’ ಅಲ್ಲವೆನ್ನುತ್ತಾರೆ ಬಲ್ಲವರು. ಆ ಕಾಲದ ಸಿರಿವಂತರು ಬಟ್ಟೆಗೆ ಗಜಗಟ್ಟಲೆ ಹೆಚ್ಚು ಹಾಕಿಸಿ, ಅದನ್ನು ಹೊಟ್ಟೆಯ ಮುಂದೆ ಎತ್ತಿ ಹಿಡಿದು ನಿಲ್ಲುತ್ತಿದ್ದರು.

ಈಗ ಒಂದು ಹೆಜ್ಜೆ ಹತ್ತಿರ ಬನ್ನಿ. ಕಿಟಕಿಯ ಕಟ್ಟೆಯ ಮೇಲೊಂದು, ಕೆಳಗಿನ ಪೆಟ್ಟಿಗೆಯ ಮೇಲೆ ಕೆಲವು ಕಿತ್ತಳೆ ಹಣ್ಣುಗಳಿವೆ. ಉತ್ತರ ಯುರೋಪಿನಲ್ಲಿ ಅಂದು ಅದು ದುಬಾರಿ ಹಣ್ಣು, ಮನೆಯವರ ಸಿರಿಯನ್ನು ಹೇಳುತ್ತದೆ. ಹಗಲಾದರೂ ಹಿತ್ತಾಳೆಯ ತೂಗುದೀಪದಲ್ಲಿ ಒಂದು ಮೇಣದಬತ್ತಿ ಉರಿಯುತ್ತಿದೆ. ನೆಲದಲ್ಲಿ ಬಿಟ್ಟಿರುವ ಮರದ ಮೆಟ್ಟುಗಳನ್ನು ನೋಡಿ. ಕೊನೆಗೆ, ಇಬ್ಬರ ನಡುವೆ ಹಿಂದಿನ ಗೋಡೆಯಲ್ಲಿರುವ ಉಬ್ಬುಗನ್ನಡಿ. ಅದರ ಚೌಕಟ್ಟಿನ ಸುತ್ತ ಹತ್ತು ಪುಟ್ಟ ವೃತ್ತಗಳಲ್ಲಿ ಏಸುವಿನ ಕೊನೆಯ ದಿನಗಳ ಕಥೆಯಿದೆ. ಕನ್ನಡಿಯೊಳಗೆ ದಂಪತಿಯ ಬೆನ್ನು ಕಾಣುತ್ತದೆ, ಅವರಾಚೆ ಬಾಗಿಲಲ್ಲಿ ಇನ್ನಿಬ್ಬರು ನಿಂತಿದ್ದಾರೆ. ಅವರು ನಿಂತಿರುವುದು ನೀವು ನಿಂತ ಜಾಗದಲ್ಲಿ! ಕನ್ನಡಿಯ ಮೇಲೆ ಗೋಡೆಗೆ ಕಲಾವಿದ ಲ್ಯಾಟಿನ್ನಿನಲ್ಲಿ ತಾನು ಇಲ್ಲಿದ್ದೆನೆಂದು ಬರೆದು, 1434 ಎಂದು ಇಸವಿ ಹಾಕಿದ್ದಾನೆ. ಇಷ್ಟನ್ನು ನೋಡಲು ಯಾವ ಪಾಂಡಿತ್ಯವೂ ಬೇಕಾಗಲಿಲ್ಲ, ಬರೀ ಪುರಸೊತ್ತು ಬೇಕಾಯಿತು.

ಟಿಶಿಯನ್ನನ ಚಿತ್ರದಲ್ಲಿ ಎಲ್ಲವೂ ಓಟ. ಪ್ರಿಯಕರ ಥೀಸಿಯಸ್ ತನ್ನನ್ನು ನ್ಯಾಕ್ಸಸ್ ದ್ವೀಪದಲ್ಲಿ ಬಿಟ್ಟುಹೋದನಲ್ಲಾ ಎಂದು ಅರಿಯಾಡ್ನೆ ಸಮುದ್ರದತ್ತ ತಿರುಗಿದ್ದಾಳೆ. ಅವನ ಹಡಗು ಎಡಗಡೆ ದೂರದಲ್ಲಿ ಚುಕ್ಕೆಯಷ್ಟಾಗಿದೆ. ಅಷ್ಟರಲ್ಲಿ ಮದ್ಯದ ದೇವತೆ ಬ್ಯಾಕಸ್ ರಥದಿಂದ ಹಾರಿ ಬರುತ್ತಿದ್ದಾನೆ, ಎರಡೂ ಕಾಲು ಗಾಳಿಯಲ್ಲಿ. ರಥಕ್ಕೆ ಕಟ್ಟಿರುವುದು ಚೀತಾಗಳನ್ನು. ಪುರಾಣದ ಪ್ರಕಾರ ಅವನು ಹಿಂತಿರುಗುತ್ತಿರುವುದು ಭಾರತವನ್ನು ಗೆದ್ದು! ಆಕಾಶದ ಆ ಗಾಢ ನೀಲಿ, ಅಫ್ಘಾನಿಸ್ತಾನದ ಗಣಿಗಳಿಂದ ವೆನಿಸ್‌ಗೆ ಬರುತ್ತಿದ್ದ ಲ್ಯಾಪಿಸ್ ಲಾಜುಲಿ ಕಲ್ಲನ್ನು ಅರೆದು ತೆಗೆದ ಬಣ್ಣ.

ಟರ್ನರ್‌ನ ಹಡಗಿಗೂ ಹೊರಗಿನ ಚೌಕಕ್ಕೂ ನಂಟಿದೆ. 1805ರ ಟ್ರಫಾಲ್ಗರ್ ಯುದ್ಧದಲ್ಲಿ ಟೆಮರೇರ್ ನೌಕಾಧಿಪತಿ ನೆಲ್ಸನ್ನನ ಹಡಗಿನ ಹಿಂದೆಯೇ ನುಗ್ಗಿ ಕಾದಾಡಿತ್ತು. 1838ರಲ್ಲಿ ಅದನ್ನು ಒಡೆದು ಮರ ಮಾರಲು ಥೇಮ್ಸ್ ನದಿಯಲ್ಲಿ ಎಳೆದೊಯ್ದರು. ಬಿಳಿಚಿಕೊಂಡ ಹಳೆಯ ಹಾಯಿ ಹಡಗು ಹಿಂದೆ, ಹೊಗೆ ಕಾರುವ ಕಪ್ಪು ಉಗಿದೋಣಿ ಮುಂದೆ, ಬಲಗಡೆ ಮುಳುಗುವ ಸೂರ್ಯ. ಹತ್ತಿರ ಹೋದರೆ ಸೂರ್ಯನ ಸುತ್ತ ಬಣ್ಣ ದಪ್ಪಗೆ ಎದ್ದು ನಿಂತಿರುವುದು ಕಾಣುತ್ತದೆ. ಫೋನಿನಲ್ಲಿ ನೋಡಿದವರಿಗೆ ಇದೊಂದು ಸಿಗುವುದಿಲ್ಲ.

ಹಂತ 5: ಲೇಬಲ್ ಆಮೇಲೆ ಓದಿ

ಲೇಬಲ್ಲನ್ನು ಮೊದಲೇ ಓದಿದರೆ ಅದರಲ್ಲಿ ಬರೆದದ್ದನ್ನಷ್ಟೇ ಚಿತ್ರದಲ್ಲಿ ಹುಡುಕುತ್ತೇವೆ. ನೋಡಿದ ಮೇಲೆ ಓದಿ, ಮತ್ತೊಮ್ಮೆ ಚಿತ್ರದ ಕಡೆ ತಿರುಗಿ. ಕೆಳಗೆ ‘ಎನ್‌ಜಿ’ ಎಂದು ಶುರುವಾಗುವ ಸಂಖ್ಯೆ ಇರುತ್ತದೆ. ಹೆಚ್ಚುಕಡಿಮೆ ಚಿತ್ರ ಇಲ್ಲಿಗೆ ಬಂದ ಅನುಕ್ರಮ ಅದು. 1824ರಲ್ಲಿ ಸರ್ಕಾರ, ತೀರಿಕೊಂಡಿದ್ದ ಆಂಗರ್‌ಸ್ಟೈನ್ ಎಂಬ ವರ್ತಕರ 38 ಚಿತ್ರಗಳನ್ನು 57,000 ಪೌಂಡಿಗೆ ಕೊಂಡು ಈ ಗ್ಯಾಲರಿ ಶುರುಮಾಡಿತು. ಎನ್‌ಜಿ 1 ಅವುಗಳಲ್ಲೊಂದು, ಸೆಬಾಸ್ಟಿಯಾನೊ ಬರೆದ ಲಾಜರಸ್‌ನ ಪುನರುತ್ಥಾನ. ಟಿಶಿಯನ್ನನದು 35, ಆರ್ನಾಲ್ಫಿನಿ 186, ಟೆಮರೇರ್ 524. ಇಷ್ಟವಾದ ಚಿತ್ರದ ಸಂಖ್ಯೆ ಬರೆದುಕೊಂಡರೆ ಮನೆಗೆ ಬಂದು ಜಾಲತಾಣದಲ್ಲಿ ಹುಡುಕಿ ದೊಡ್ಡದು ಮಾಡಿ ನೋಡಬಹುದು. ಫೋಟೊ ತೆಗೆಯಬಹುದು, ಫ್ಲ್ಯಾಶ್ ಬೇಡ. ಪೆನ್ಸಿಲ್ಲಿನಲ್ಲಿ ಚಿತ್ರ ಬರೆಯಲು ಅಡ್ಡಿಯಿಲ್ಲ. ಮಕ್ಕಳಿದ್ದರೆ ಒಂದು ನೋಟ್‌ಬುಕ್ ಕೊಟ್ಟು ನಾಯಿಯನ್ನೋ ಚೀತಾವನ್ನೋ ಬರೆಯಲು ಹೇಳಿ, ಅವರು ನಿಮಗಿಂತ ಹೆಚ್ಚು ಹೊತ್ತು ನಿಲ್ಲುತ್ತಾರೆ.

ಹಂತ 6: ದಣಿವಾಗುವ ಮುನ್ನ ಹೊರಡಿ

ಕೋಣೆಗಳಲ್ಲಿ ಬೆಂಚುಗಳಿವೆ, ಸಂಕೋಚವಿಲ್ಲದೆ ಕೂತುಕೊಳ್ಳಿ. ಮಂಡಿನೋವಿನವರಿಗೆ ಲಿಫ್ಟ್ ಇದೆ. ಒಳಗಿನ ಕೆಫೆಯಲ್ಲಿ ಕಾಫಿಗೆ ಲಂಡನ್ನಿನ ನಡುಪೇಟೆಯ ರೇಟು. ದೇಣಿಗೆ ಡಬ್ಬಿ ಕಾಣುತ್ತದೆ, ಒತ್ತಾಯವಿಲ್ಲ. ಕೈಲಾದದ್ದು ಹಾಕಿದರೆ ಈ ಬಾಗಿಲು ಹೀಗೇ ತೆರೆದಿರಲು ನೆರವಾಗುತ್ತದೆ ಎಂದು ನಾನು ನಂಬಿದ್ದೇನೆ.

ಮತ್ತೊಮ್ಮೆ ಬರುವುದಾದರೆ ಹೋಲ್ಬೈನನ ‘ರಾಯಭಾರಿಗಳು’ (1533) ಚಿತ್ರದಿಂದ ಶುರುಮಾಡಿ. ಇಬ್ಬರು ಗಂಡಸರ ಕಾಲಬುಡದಲ್ಲಿ ಓರೆಯಾಗಿ ಚಾಚಿಕೊಂಡ ಬೂದುಬಣ್ಣದ ಆಕಾರವೊಂದಿದೆ, ಎದುರು ನಿಂತರೆ ಏನೆಂದು ತಿಳಿಯದು. ಬಲಗಡೆಗೆ ಸರಿದು, ಗೋಡೆಯ ಹತ್ತಿರ ಬಂದು, ಅಲ್ಲಿಂದ ಓರೆಯಾಗಿ ನೋಡಿ. ಅದು ತಲೆಬುರುಡೆ. ಅಲ್ಲಿಂದ ರೆಂಬ್ರಾಂಟ್ ತನ್ನನ್ನೇ ಬರೆದುಕೊಂಡ ಎರಡು ಚಿತ್ರಗಳನ್ನು ಹುಡುಕಿಕೊಂಡು ಹೋಗಿ: 34ನೇ ವಯಸ್ಸಿನದು 1640ರಲ್ಲಿ ಬರೆದದ್ದು, 63ನೇ ವಯಸ್ಸಿನದು ಅವನು ತೀರಿಕೊಂಡ 1669ರದು. ಒಂದನ್ನು ನೋಡಿ ಇನ್ನೊಂದರ ಬಳಿಗೆ ಹೋಗಿ, ಮತ್ತೆ ಮೊದಲನೆಯದಕ್ಕೆ ಬನ್ನಿ. ಕಣ್ಣುಗಳನ್ನೂ ಕೈಗಳನ್ನೂ ಗಮನಿಸಿ.